ಸ್ಟೆಪ್ನಿ ಇಳಿಸುವ ಮುಂಚೆ

ತಮ್ಮಾ, ಮೊನ್ನೆ ಕೊಥ್ರೂಡಿನ ನಮ್ಮ ಮನೆ ಕೆಳಗೆ ಗಾಡಿ ನಿಲ್ಲಿಸಿ ಡಿಕ್ಕಿ ತೆರೆದು ತೋರಿಸಿದೆಯಲ್ಲ, ಆಗ ನಾನು ಏನೂ ಹೇಳಲಿಲ್ಲ. ನಿನ್ನ ಗೆಳೆಯರಿಬ್ಬರು ಜೊತೆಗಿದ್ದರು. ಅವರೆದುರು ಕಾಕಾ ತಪ್ಪು ಎಣಿಸುತ್ತ ನಿಂತರೆ ನಿನಗೆ ಮುಜುಗರವಾಗುತ್ತಿತ್ತು. ಆದರೆ ಸ್ಟೆಪ್ನಿ ಇರಬೇಕಾದ ಜಾಗದಲ್ಲಿ ಊಫರ್ ಡಬ್ಬ ಕೂತಿದ್ದನ್ನು ಕಂಡಾಗಿನಿಂದ ನನಗೆ ಸಮಾಧಾನವಿಲ್ಲ. ದೀಪಾವಳಿಗೆ ಅದೇ ಗಾಡಿಯಲ್ಲಿ ಧಾರವಾಡಕ್ಕೆ ಹೋಗುತ್ತೇನೆ, ಬರುವಾಗ ಅವ್ವನನ್ನೂ ಕೂಡಿಸಿಕೊಂಡು ಬರುತ್ತೇನೆ ಅಂದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಗಾಡಿಯ ಹುಚ್ಚು ತಪ್ಪೆಂದು ನಾನು ಹೇಳುವವನಲ್ಲ. ಮೂವತ್ತು ವರ್ಷ ಪಿಂಪ್ರಿಯ ಕಾರ್ಖಾನೆಯಲ್ಲಿ ದುಡಿದವನು, ಈ ಊರಿನ ಗುಣ ಗೊತ್ತು. ವೇತಾಳ ಟೇಕಡಿಯ ಮಗ್ಗುಲಲ್ಲಿ ದೇಶದ ವಾಹನಗಳನ್ನು ಪರೀಕ್ಷೆ ಮಾಡುವ ಎಆರ್‌ಎಐ ಇದೆ. ನೀನು ಮೆಚ್ಚುವ ಪುಂಟೋ ಅಬಾರ್ತ್ 2015ರಲ್ಲಿ ರಾಂಜಣಗಾಂವದಿಂದ ಹೊರಬಿತ್ತು. ನಿನ್ನ ಪೋಲೋ ಹುಟ್ಟಿದ್ದೂ ಇಲ್ಲೇ ಚಾಕಣದಲ್ಲಿ. 2022ರಲ್ಲಿ ಅದನ್ನು ಮಾಡುವುದು ನಿಲ್ಲಿಸಿದರು, ಹಾಗಾಗಿ ಇದ್ದದ್ದನ್ನು ಜೋಪಾನ ಮಾಡಬೇಕೆಂಬ ನಿನ್ನ ಮಾತು ನನಗೂ ಒಪ್ಪಿಗೆ. ಹದಿನೇಳು ಇಂಚಿನ ಅಲಾಯ್, ಮುಂದೆ 312 ಮಿಲಿಮೀಟರಿನ ಬ್ರೇಕ್ ಡಿಸ್ಕ್, ತಗ್ಗಿಸಿದ ಸಸ್ಪೆನ್ಷನ್, ರೀಮ್ಯಾಪ್ ಎಲ್ಲ ಅಚ್ಚುಕಟ್ಟಾಗಿ ಮಾಡಿಸಿದ್ದೀಯ. ಕೆಲಸ ಚೆನ್ನಾಗಿದೆ. ಸ್ಟೆಪ್ನಿಯೊಂದರ ವಿಷಯದಲ್ಲಿ ಮಾತ್ರ ಎಡವಿದ್ದೀಯ.

ತೂಕ ಉಳಿಯಿತು ಅಂದೆ. ಕಬ್ಬಿಣದ ರಿಮ್ಮು, ಟೈರು ಸೇರಿ ಅದು ಹದಿನೈದು ಹದಿನಾರು ಕೆಜಿ ಇದ್ದೀತು. ಸಾವಿರದ ನೂರು ಕೆಜಿ ಆಸುಪಾಸಿನ ಗಾಡಿಗೆ ಅದು ನೂರಕ್ಕೆ ಒಂದೂವರೆ ಪಾಲು. ಅದರ ಜಾಗಕ್ಕೆ ಬಂದ ಡಬ್ಬ, ಆಂಪ್ಲಿಫೈಯರ್ ಎರಡನ್ನೂ ಒಮ್ಮೆ ತೂಗಿ ನೋಡು. ರೇಸ್ ಟ್ರ್ಯಾಕಿಗೆ ಹೋಗುವ ದಿನ ಸ್ಟೆಪ್ನಿ, ಜಾಕ್, ಬಾಟಲಿ ಎಲ್ಲ ಇಳಿಸಿಯೇ ಹೋಗು. ಅಲ್ಲಿ ಡಿಕ್ಕಿಯಲ್ಲಿ ಏನೂ ಅಲುಗಾಡಬಾರದು. ಆದರೆ ನಿನ್ನ ಗಾಡಿ ವರ್ಷದಲ್ಲಿ ಎಷ್ಟು ದಿನ ಟ್ರ್ಯಾಕ್ ಕಾಣುತ್ತದೆ, ಎಷ್ಟು ದಿನ ಕಾತ್ರಜ್ ಸುರಂಗ ಕಾಣುತ್ತದೆ?

ಇನ್ನು ಕಾನೂನು. ಈಗ ಸ್ಟೆಪ್ನಿ ಕಡ್ಡಾಯವಲ್ಲ ಅಂದೆ. ಆ ಮಾತು ಅರ್ಧ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದಿ, ಚಾಲಕನೂ ಸೇರಿ ಒಂಬತ್ತು ಸೀಟಿನೊಳಗಿನ ಗಾಡಿಗಳಿಗೆ ವಿನಾಯಿತಿ ಕೊಟ್ಟಿದ್ದು ನಿಜ. ಆದರೆ ಅದಕ್ಕೆ ಷರತ್ತುಗಳಿವೆ. ಟೈರು ಟ್ಯೂಬ್‌ಲೆಸ್ ಆಗಿರಬೇಕು, ಗಾಡಿಯ ಜೊತೆ ಟೈರ್ ರಿಪೇರಿ ಕಿಟ್ ಬಂದಿರಬೇಕು, ಹವಾ ಇಳಿದರೆ ಚಾಲಕನಿಗೆ ತೋರಿಸುವ ವ್ಯವಸ್ಥೆ ಇರಬೇಕು. ಆ ಮೂರನ್ನೂ ಲೆಕ್ಕ ಹಾಕಿ ಕಟ್ಟಿದ ಗಾಡಿಗೆ ಅದು ಸರಿ. ನಿನ್ನದು 2016ರ ಗಾಡಿ. ಹವಾ ಇಳಿದದ್ದನ್ನು ತೋರಿಸುವ ದೀಪ ಅದರ ಮೀಟರಿನಲ್ಲಿಲ್ಲ. ಕಂಪನಿಯವರು ಸ್ಟೆಪ್ನಿ ನಂಬಿ ಗಾಡಿ ಕೊಟ್ಟರು, ನೀನು ಅದನ್ನು ತೆಗೆದು ಒಂದು ಬಾಟಲಿ ಅಂಟುದ್ರಾವಣ ಇಟ್ಟೆ.

ಆ ಬಾಟಲಿಯ ಬಗ್ಗೆ ತುಸು ಹೇಳಲೇಬೇಕು. ಟೈರು ರಸ್ತೆಗೆ ತಾಗುವ ಭಾಗದಲ್ಲಿ ಮೊಳೆಯೋ ಸ್ಕ್ರೂನೋ ಚುಚ್ಚಿದರೆ ಅದು ಕೆಲಸ ಮಾಡುತ್ತದೆ. ಸ್ಟ್ರಿಪ್ ಹಾಕುವ ಕಿಟ್ ಅದಕ್ಕಿಂತಲೂ ಚೆನ್ನಾಗಿ ಮಾಡುತ್ತದೆ. ಆದರೆ ಸೈಡ್‌ವಾಲ್ ಹರಿದರೆ ಎರಡೂ ಪ್ರಯೋಜನವಿಲ್ಲ. ಈಗ ನಿನ್ನ ಟೈರಿನ ಮೇಲೆ ಬರೆದ ಅಂಕಿ ಓದು. ಮೊದಲಿದ್ದದ್ದು 185/60, ಹದಿನೈದು ಇಂಚಿನ ರಿಮ್ಮು. 185ರಲ್ಲಿ ನೂರಕ್ಕೆ ಅರವತ್ತು ಎಂದರೆ ಸೈಡ್‌ವಾಲಿನ ಎತ್ತರ 111 ಮಿಲಿಮೀಟರ್. ಈಗಿರುವುದು 215/40, ಹದಿನೇಳು ಇಂಚು. ಅಲ್ಲಿಗೆ ಎತ್ತರ 86. ರಸ್ತೆಯ ತಗ್ಗಿಗೂ ರಿಮ್ಮಿಗೂ ನಡುವೆ ಇದ್ದ ರಬ್ಬರಿನಲ್ಲಿ 25 ಮಿಲಿಮೀಟರ್ ಕಮ್ಮಿಯಾಯಿತು. ಮಳೆಗಾಲದಲ್ಲಿ ನೀರು ತುಂಬಿದ ತಗ್ಗಿಗೆ ಗಾಲಿ ಬಿದ್ದರೆ ಟೈರು ತಗ್ಗಿನ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಗುತ್ತದೆ. ಒಂದೋ ಉಬ್ಬುತ್ತದೆ, ಇಲ್ಲವೇ ಬಾಯಿ ಬಿಡುತ್ತದೆ. ಅಂದರೆ ಯಾವ ಗಾಯಕ್ಕೆ ಬಾಟಲಿಯಲ್ಲಿ ಮದ್ದಿಲ್ಲವೋ ಆ ಗಾಯವೇ ನಿನ್ನ ಗಾಡಿಗೆ ಆಗುವ ಸಂಭವ ಹೆಚ್ಚು. ಹಳೆಯ ಟೈರಿದ್ದಾಗಿನಕ್ಕಿಂತ ಈಗಲೇ ನಿನಗೆ ಸ್ಟೆಪ್ನಿಯ ಅಗತ್ಯ ಜಾಸ್ತಿ.

ಫೋನ್ ಮಾಡಿದರೆ ಬರುತ್ತಾರೆ ಅಂದೆ. ಬಾಣೇರಿನಲ್ಲಿ, ಔಂಧಿನಲ್ಲಿ ಬರುತ್ತಾರೆ, ನಾನು ಒಪ್ಪುತ್ತೇನೆ. ಊರೊಳಗೆ ಓಡಾಡುವಾಗ ಕಿಟ್ ಸಾಕು. ಪಂಕ್ಚರ್ ಅಂಗಡಿಯೂ ಸಿಗುತ್ತದೆ, ಬೇಡವೆಂದರೆ ರಿಕ್ಷಾ ಹಿಡಿದು ಮನೆಗೆ ಹೋಗಬಹುದು. ಆದರೆ ಮುಳಶಿ ದಾಟಿ ತಾಮ್ಹಿಣಿ ಘಾಟಿಯಲ್ಲಿ ಇಳಿಯುವಾಗ ಫೋನಿಗೆ ಸಿಗ್ನಲ್ ಸಿಗದ ತಿರುವುಗಳು ಎಷ್ಟಿವೆಯೆಂದು ನಿನಗೇ ಗೊತ್ತು. ಆಷಾಢದಲ್ಲಿ ನೀವೆಲ್ಲ ಅಲ್ಲಿಗೇ ಓಡುತ್ತೀರಿ. ಮೋಡ ರಸ್ತೆಗೇ ಇಳಿದಿರುತ್ತದೆ. ಅಂಥಲ್ಲಿ ಒಂದೊಂದು ನಿಮಿಷ ಹೆಚ್ಚು ನಿಂತರೂ ಅಪಾಯವೇ. ಮುಂಬಯಿ ಎಕ್ಸ್‌ಪ್ರೆಸ್‌ವೇಯಲ್ಲೂ ಹಾಗೇ. ಬದಿಗೆ ನಿಂತ ಗಾಡಿಗೆ ಹಿಂದಿನಿಂದ ಬಂದು ಗುದ್ದುವುದು ಆ ರಸ್ತೆಯಲ್ಲಿ ಜೀವ ತೆಗೆಯುವ ಕಾರಣಗಳಲ್ಲೊಂದು.

ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. 1994ರ ದೀಪಾವಳಿ. ಆಗ ಬೆಂಗಳೂರು ರಸ್ತೆ ಈಗಿನಂತೆ ಅಗಲವಿರಲಿಲ್ಲ, ಹೋಗುವವರೂ ಬರುವವರೂ ಒಂದೇ ಡಾಂಬರಿನ ಮೇಲೆ. ನಿನ್ನ ಕಾಕೂ, ಎರಡು ಸಣ್ಣ ಮಕ್ಕಳು, ಧಾರವಾಡದ ದಾರಿ. ಕರಾಡ ದಾಟಿ ಸ್ವಲ್ಪ ದೂರಕ್ಕೆ ಹಿಂದಿನ ಗಾಲಿ ಪಂಕ್ಚರ್. ರಾತ್ರಿ ಒಂಬತ್ತಾಗಿತ್ತು. ಇಳಿದು, ನಟ್ ಸಡಿಲಿಸಿ, ಜಾಕ್ ಏರಿಸಿ, ಸ್ಟೆಪ್ನಿ ಹಾಕಿ ಜಾಕ್ ಇಳಿಸಿದರೆ ಅದೂ ನೆಲಕ್ಕೆ ಕೂತಿತು. ವರ್ಷದಿಂದ ಅದರ ಹವಾ ನೋಡಿರಲಿಲ್ಲ. ಕಿರಿಯವಳಿಗೆ ಜ್ವರ ಬೇರೆ. ಒಬ್ಬ ಲಾರಿ ಡ್ರೈವರ್ ತಾನಾಗಿ ನಿಲ್ಲಿಸಿ ನನ್ನನ್ನೂ ಪಂಕ್ಚರಾದ ಗಾಲಿಯನ್ನೂ ಹತ್ತಿಸಿಕೊಂಡ. ಮುಂದೆ ಒಬ್ಬ ಮಲಯಾಳಿಯ ಟೈರ್ ಅಂಗಡಿ; ಮಲಗಿದ್ದವನು ಎದ್ದು ಪಂಕ್ಚರ್ ತಿದ್ದಿಕೊಟ್ಟ. ಇನ್ನೊಂದು ಲಾರಿ ಹತ್ತಿ ನಾನು ಗಾಲಿ ಹೊತ್ತು ತಿರುಗಿ ಬರುವ ಹೊತ್ತಿಗೆ ಎರಡೂವರೆ ತಾಸು. ಅಷ್ಟೂ ಹೊತ್ತು ನಿನ್ನ ಕಾಕೂ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕತ್ತಲಲ್ಲಿ ಕೂತಿದ್ದಳು. ಎದುರಿಂದ ಬೆಳಕು ಬಂದಾಗಲೆಲ್ಲ ಎದೆ ನಡುಗುತ್ತಿತ್ತೆಂದು ಆಮೇಲೆ ಹೇಳಿದಳು. ಆ ರಾತ್ರಿಯ ಹೊಣೆ ನನ್ನದು. ಸ್ಟೆಪ್ನಿ ಇದ್ದರೂ ಅದು ಗಾಡಿಯನ್ನು ಹೊರುವ ಸ್ಥಿತಿಯಲ್ಲಿದೆಯೋ ಇಲ್ಲವೋ ನಾನು ನೋಡಿರಲಿಲ್ಲ.

ಆದ್ದರಿಂದ ಸ್ಟೆಪ್ನಿಯನ್ನು ಮರಳಿ ಡಿಕ್ಕಿಗೆ ಹಾಕು ಎಂದಷ್ಟೇ ಹೇಳಿ ಬಿಟ್ಟರೆ ನಾನು ಅರ್ಧ ಹೇಳಿದಂತೆ. ಗಾಡಿ ಬದಲಾಗಿದೆ, ಸ್ಟೆಪ್ನಿ ಹಳೆಯ ಗಾಡಿಯದು. ಅವೆರಡಕ್ಕೂ ಈಗ ಹೊಂದಿಕೆಯಿದೆಯೇ ಎಂದು ನೋಡಬೇಕು.

ಒಂದು ಒಳ್ಳೆಯ ಸುದ್ದಿಯಿದೆ. ನಿನ್ನ ಹೊಸ ಗಾಲಿಯ ಹೊರ ವ್ಯಾಸ, ಹಳೆಯದರ ಹೊರ ವ್ಯಾಸ ಎರಡೂ ಸುಮಾರು 603 ಮಿಲಿಮೀಟರ್. ಬೇಕಾದರೆ ಲೆಕ್ಕ ಹಾಕಿ ನೋಡು. ಎಡಕ್ಕೊಂದು ಬಲಕ್ಕೊಂದು ಬೇರೆ ಅಳತೆಯ ಗಾಲಿ ಹಾಕಿ ದೂರ ಓಡಿಸಿದರೆ ಡಿಫರೆನ್ಷಿಯಲ್ ಬಿಸಿಯಾಗಿ ಸವೆಯುತ್ತದೆ. ಆ ಭಯ ನಿನಗಿಲ್ಲ. ಹಿಡಿತ ಮಾತ್ರ ಬೇರೆ ಬೇರೆ ಇರುತ್ತದೆ, ಹಾಗಾಗಿ ಗಂಟೆಗೆ ಎಂಬತ್ತರ ಮೇಲೆ ಹೋಗಬೇಡ.

ತೊಂದರೆ ಇರುವುದು ಬ್ರೇಕಿನಲ್ಲಿ. 312 ಮಿಲಿಮೀಟರಿನ ಡಿಸ್ಕು, ಅದರ ಕ್ಯಾಲಿಪರ್ ಹದಿನೈದು ಇಂಚಿನ ರಿಮ್ಮಿನೊಳಗೆ ಹಿಡಿಸುವುದಿಲ್ಲ. ಮುಂದಿನ ಗಾಲಿ ಕೈಕೊಟ್ಟರೆ ಸ್ಟೆಪ್ನಿ ಅಲ್ಲಿ ಕೂಡುವುದೇ ಇಲ್ಲ. ಇದಕ್ಕೆ ಹಳೆಯ ಡ್ರೈವರುಗಳ ಉಪಾಯವೊಂದಿದೆ. ಹಿಂದಿನ ಒಂದು ಅಲಾಯ್ ಬಿಚ್ಚಿ ಮುಂದಕ್ಕೆ ಹಾಕು, ಸ್ಟೆಪ್ನಿಯನ್ನು ಹಿಂದಕ್ಕೆ ಹಾಕು. ನಿನ್ನ ಗಾಡಿಗೆ ಹಿಂದೆ ಡ್ರಮ್ ಬ್ರೇಕ್, ಅಡ್ಡಿಯಾಗುವುದಿಲ್ಲ. ಎಂಜಿನ್ನಿನ ಎಳೆತ, ಬ್ರೇಕಿನ ಹೆಚ್ಚಿನ ಭಾರ ಎರಡೂ ಮುಂದಿನ ಗಾಲಿಗಳ ಮೇಲೆ ಬೀಳುವುದರಿಂದ ಮುಂದೆ ಒಳ್ಳೆಯ ಜೋಡಿ ಇರುವುದೇ ಕ್ಷೇಮ. ಆದರೆ ಎರಡು ಸಲ ಜಾಕ್ ಹಾಕಬೇಕು, ಅಷ್ಟು ಹೊತ್ತು ರಸ್ತೆ ಬದಿಯಲ್ಲಿರಬೇಕು. ಅದು ಬೇಡವೆಂದರೆ ಕ್ಯಾಲಿಪರ್‌ಗೆ ತಾಗದ ಹದಿನಾರು ಇಂಚಿನ ಹಳೆಯ ಗಾಲಿಯೊಂದನ್ನು ಹುಡುಕು. ನನ್ನ ಮನಸ್ಸು ಅದರ ಕಡೆಗೇ. ಡಿಕ್ಕಿಯ ಕುಳಿಯಲ್ಲಿ ಅದು ಕೂಡುತ್ತದೆಯೇ ಎಂದು ಅಳೆದು ತೆಗೆದುಕೋ.

ಬೋಲ್ಟಿನ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಕಂಪನಿಯ ರಿಮ್ಮಿಗೆ ಕೂಡುವ ಬೋಲ್ಟಿನ ತಲೆಯ ಕೆಳಭಾಗ ಗುಂಡಗೆ, ಚೆಂಡಿನಂತೆ. ಹೊರಗಿನ ಅಲಾಯ್‌ಗೆ ಬರುವ ಬೋಲ್ಟು ಸಾಮಾನ್ಯವಾಗಿ ಶಂಕುವಿನಾಕಾರ. ಅಲಾಯ್‌ನ ಬೋಲ್ಟಿನಿಂದ ಕಬ್ಬಿಣದ ರಿಮ್ಮನ್ನು ಬಿಗಿದರೆ ಕೈಗೆ ಬಿಗಿಯಾದಂತೆ ಅನ್ನಿಸುತ್ತದೆ, ಆದರೆ ಪೂರ್ತಿ ಕೂತಿರುವುದಿಲ್ಲ. ಹತ್ತಿಪ್ಪತ್ತು ಕಿಲೋಮೀಟರಿಗೆ ಸಡಿಲವಾಗಬಹುದು. ನೀನು ಸ್ಪೇಸರ್ ಹಾಕಿಸಿದ್ದರೆ ಬೋಲ್ಟೂ ಉದ್ದ, ಸ್ಪೇಸರ್ ಇಲ್ಲದೆ ಬಿಗಿದರೆ ತುದಿ ಒಳಗೆ ಡ್ರಮ್ಮಿನ ಭಾಗಗಳಿಗೆ ತಾಗುತ್ತದೆ. ಹಳೆಯ ಐದು ಬೋಲ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ಸ್ಟೆಪ್ನಿಯ ಒಳಗೇ ಕಟ್ಟಿಡು. ಬಿಗಿತ 120 ನ್ಯೂಟನ್ ಮೀಟರ್. ಅಲಾಯ್ ಕಳ್ಳತನವಾಗದಂತೆ ಹಾಕಿಸಿದ ಲಾಕ್ ಬೋಲ್ಟಿನ ಚಾವಿ ಮನೆಯ ಡ್ರಾವರಿನಲ್ಲಿದ್ದರೆ ಇಷ್ಟೆಲ್ಲ ಮಾಡಿಯೂ ಉಪಯೋಗವಿಲ್ಲ.

ಜಾಕು ಕೂಡ. ಗಾಡಿ ತಗ್ಗಿಸಿದ್ದೀಯ, ಅದರ ಮೇಲೆ ಟೈರಿನ ಹವಾ ಹೋದರೆ ಇನ್ನೂ ಕೆಳಗಿಳಿಯುತ್ತದೆ. ಕಂಪನಿಯ ಜಾಕ್ ಆಗ ಅಡಿಗೆ ತೂರುತ್ತದೋ ಇಲ್ಲವೋ. ಒಂದು ಗಟ್ಟಿ ಹಲಗೆ ಇಟ್ಟುಕೋ. ಪಂಕ್ಚರಾದ ಗಾಲಿಯನ್ನು ಮೊದಲು ಹಲಗೆಯ ಮೇಲೆ ಹತ್ತಿಸಿದರೆ ಜಾಕ್‌ಗೆ ಜಾಗ ಸಿಗುತ್ತದೆ. ಮಣ್ಣಿನ ಬದಿಯಲ್ಲಿ ಜಾಕಿನ ಕೆಳಗೂ ಅದೇ ಹಲಗೆ ಬೇಕಾಗುತ್ತದೆ. ಬಿಚ್ಚಿದ ನಿನ್ನ ಅಗಲವಾದ ಗಾಲಿ ಸ್ಟೆಪ್ನಿಯ ಕುಳಿಯಲ್ಲಿ ಹಿಡಿಸುವುದಿಲ್ಲ, ಡಿಕ್ಕಿಯಲ್ಲಿ ಅದಕ್ಕೂ ತಾವು ಬಿಟ್ಟಿರು.

ಸ್ಟೆಪ್ನಿಯ ಟೈರೂ ಮುಪ್ಪಾಗುತ್ತದೆ, ಬಳಸಲಿ ಬಿಡಲಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2316 ಅಂದರೆ 2016ರ ಇಪ್ಪತ್ಮೂರನೇ ವಾರ ತಯಾರಾದದ್ದು. ನಿನ್ನದು ಗಾಡಿಯ ಜೊತೆಗೇ ಬಂದದ್ದಾದರೆ ಈಗ ಬದಲಿಸುವ ಕಾಲ.

ಈ ಸ್ಟೆಪ್ನಿ ಅನ್ನುವ ಹೆಸರು ಎಲ್ಲಿಂದ ಬಂತೆಂದು ನೀನು ಚಿಕ್ಕವನಿದ್ದಾಗ ಕೇಳಿದ್ದೆ, ನಾನು ಆಗ ಹೇಳಿರಲಿಲ್ಲ. ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನಲ್ಲಿ ಸ್ಟೆಪ್ನಿ ಬೀದಿ ಎಂದಿದೆ. ಕಬ್ಬಿಣದ ಸಾಮಾನಿನ ಅಂಗಡಿಯ ಡೇವಿಸ್ ಸಹೋದರರು 1904ರಲ್ಲಿ, ಅರೆಕಾಲುಗಳಿಲ್ಲದ ಒಂದು ರಿಮ್ಮಿಗೆ ಹವಾ ತುಂಬಿದ ಟೈರ್ ಹಾಕಿ, ಪಂಕ್ಚರಾದ ಗಾಲಿಯ ಪಕ್ಕಕ್ಕೇ ಬಿಗಿಯುವ ಉಪಾಯ ಕಂಡುಹಿಡಿದರು. ಅವರ ಬೀದಿಯ ಹೆಸರು ನಮ್ಮ ಹುಬ್ಬಳ್ಳಿಯ ಗ್ಯಾರೇಜಿನ ಹುಡುಗನ ಬಾಯಲ್ಲಿ ಇವತ್ತಿಗೂ ಇದೆ. ಬ್ರೆಜಿಲ್‌ನವರ ಮಾತಿನಲ್ಲೂ ಹೆಚ್ಚುಕಡಿಮೆ ಅದೇ ಹೆಸರಂತೆ.

ಪುಣೆಯಿಂದ ಧಾರವಾಡಕ್ಕೆ ನಾನೂರು ಕಿಲೋಮೀಟರ್ ದಾರಿ. ಖಂಬಾಟ್ಕಿ ಘಾಟಿ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಎಲ್ಲಿ ನೋಡಿದರೂ ಊಟದ ಹೋಟೆಲುಗಳಿವೆ. ಆದರೂ ನೀನು ಹೊರಟಾಗ ನಿನ್ನ ಅವ್ವ ರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟ್ಟುವುದನ್ನು ಒಮ್ಮೆಯಾದರೂ ಬಿಟ್ಟಿದ್ದಾಳೇನು? ಅವಳು ಈ ಸಲ ನಿನ್ನ ಪಕ್ಕದ ಸೀಟಿನಲ್ಲಿ ಕೂತಿರುತ್ತಾಳೆ.

ಅಕಸ್ಮಾತ್ ಘಾಟಿಯಲ್ಲೇ ಹವಾ ಹೋದರೆ ಅಲ್ಲೇ ನಿಂತು ಪಾನಾ ಹಿಡಿಯಬೇಡ. ಹಜಾರ್ಡ್ ದೀಪ ಹಾಕಿ ನಿಧಾನಕ್ಕೆ ಅಗಲದ ಜಾಗದ ತನಕ ಉರುಳಿಸಿಕೊಂಡು ಹೋಗು. ಅಲಾಯ್ ಹಾಳಾದರೆ ಆಗಲಿ, ನಾನು ಕೊಡಿಸುತ್ತೇನೆ. ಅವ್ವನನ್ನು ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸು. ತ್ರಿಕೋನದ ಫಲಕವನ್ನು ಐವತ್ತು ಹೆಜ್ಜೆ ಹಿಂದೆ ಇಟ್ಟು ಬಂದಮೇಲೆ ಕೆಲಸ ಶುರುಮಾಡು.

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಗಾಡಿ ತೆಗೆದುಕೊಂಡು ಬಾ. ಸ್ಟೆಪ್ನಿ, ಹಳೆಯ ಬೋಲ್ಟು, ಲಾಕಿನ ಚಾವಿ ತಪ್ಪದೆ ತಾ. ಹಲಗೆ ನನ್ನ ಹತ್ತಿರ ಇದೆ. ನಾಲ್ಕೂ ಗಾಲಿ ಒಂದೊಂದಾಗಿ ಬಿಚ್ಚಿ ಹಾಕಿ ನೋಡೋಣ, ಸ್ಟೆಪ್ನಿ ಮುಂದೆ ಕೂಡುತ್ತದೋ ಇಲ್ಲವೋ ನಿನ್ನ ಕಣ್ಣಿಗೇ ಕಾಣಲಿ. ಮುಗಿದ ಮೇಲೆ ಫರ್ಗ್ಯುಸನ್ ರಸ್ತೆಯ ವೈಶಾಲಿಯಲ್ಲಿ ದೋಸೆ ತಿನ್ನೋಣ. ಕಾಕೂನೂ ಬರುತ್ತೇನೆ ಅಂದಿದ್ದಾಳೆ.