ಕಡ್ಡಿ ಮುಟ್ಟಿದರೆ ಸ್ವರ!

ಮಕ್ಕಳೇ, ನೀವು ಹಾರ್ಮೋನಿಯಂ ನೋಡಿದ್ದೀರಲ್ಲವೇ? ಒಂದು ಕೈ ತಿದಿಯನ್ನು ಒತ್ತುತ್ತದೆ. ಇನ್ನೊಂದು ಕೈಯ ಬೆರಳುಗಳು ಮನೆಗಳನ್ನು ಒತ್ತುತ್ತವೆ. ಒಳಗಿನ ಹಿತ್ತಾಳೆಯ ರೀಡುಗಳು ಗಾಳಿಯಿಂದ ಕಂಪಿಸಿ ಸ್ವರ ಬರುತ್ತದೆ. ವೀಣೆಯಲ್ಲಿ ತಂತಿ, ಮೃದಂಗದಲ್ಲಿ ಚರ್ಮ ಕಂಪಿಸುತ್ತದೆ. ಆದರೆ ತಿದಿ, ತಂತಿ, ಚರ್ಮ ಯಾವುದೂ ಇಲ್ಲದ ಪುಟ್ಟ ವಾದ್ಯವೊಂದಿದೆ. ಅದರ ಮನೆಗಳನ್ನು ಬೆರಳಿನಿಂದ ಒತ್ತುವುದೂ ಇಲ್ಲ. ಕಡ್ಡಿಯೊಂದನ್ನು ತಾಗಿಸಿದರೆ ಸಾಕು! ಅದೇ ಸ್ಟೈಲೋಫೋನ್.

ಇಂಗ್ಲೆಂಡಿನ ಬ್ರಯಾನ್ ಜಾರ್ವಿಸ್ ಎಂಬುವರು 1967ರಲ್ಲಿ ಇದನ್ನು ರೂಪಿಸಿದರು. ಮರುವರ್ಷ ಇದು ಮಾರಾಟಕ್ಕೆ ಬಂದಿತು. ಪುಸ್ತಕದಂತೆ ಕೈಯಲ್ಲಿ ಹಿಡಿಯಬಹುದಾದ ಈ ವಾದ್ಯದಲ್ಲಿ 20 ಮನೆಗಳಿದ್ದವು. ಅವು ಮೇಲೆ ಕೆಳಗೆ ಚಲಿಸುವ ಮನೆಗಳಲ್ಲ. ಹಲಗೆಯ ಮೇಲೆ ಅಂಟಿಕೊಂಡಿರುವ ತೆಳುವಾದ ಲೋಹದ ಪಟ್ಟಿಗಳು. ಪಕ್ಕದಲ್ಲಿ ತಂತಿಗೆ ಜೋಡಿಸಿದ, ಲೋಹದ ತುದಿಯ ಪೆನ್ನಿನಂಥ ಕಡ್ಡಿ ಇತ್ತು.

ಸ್ವರ ಹುಟ್ಟುವುದು ಹೇಗೆ?

ಟಾರ್ಚಿನ ಸ್ವಿಚ್ ಒತ್ತಿದಾಗ ವಿದ್ಯುನ್ಮಂಡಲ ಪೂರ್ಣಗೊಂಡು ಬಲ್ಬು ಬೆಳಗುತ್ತದೆ. ಇಲ್ಲಿಯೂ ಹಾಗೆಯೇ. ಕಡ್ಡಿ ಪಟ್ಟಿಗೆ ತಾಗಿದಾಗ ಮಂಡಲ ಪೂರ್ಣಗೊಳ್ಳುತ್ತದೆ. ಆಗ ಒಳಗಿರುವ 'ಆಂದೋಲಕ' ಎಂಬ ಭಾಗ ಕೆಲಸ ಆರಂಭಿಸುತ್ತದೆ. ಅದು ವಿದ್ಯುತ್ತನ್ನು ಸೆಕೆಂಡಿಗೆ ನೂರಾರು ಬಾರಿ ಏರಿಳಿಸುತ್ತದೆ. ಆ ಏರಿಳಿತಕ್ಕೆ ತಕ್ಕಂತೆ ಸ್ಪೀಕರಿನ ಪರದೆ ಕಂಪಿಸುತ್ತದೆ, ನಮಗೆ ಸ್ವರ ಕೇಳಿಸುತ್ತದೆ.

ಸರಿ, ಒಂದೊಂದು ಪಟ್ಟಿಗೆ ಒಂದೊಂದು ಸ್ವರ ಏಕೆ? ಕೊಳಾಯಿಯ ಕೆಳಗೆ ಒಂದು ಪುಟ್ಟ ಚೊಂಬು ಇದೆ ಎಂದುಕೊಳ್ಳಿ. ಅದು ತುಂಬಿದೊಡನೆ ನೀರು ಚೆಲ್ಲಿ ಮತ್ತೆ ಕೊಳಾಯಿಗೆ ಹಿಡಿಯುತ್ತೀರಿ. ಕೊಳಾಯಿ ಜೋರಾಗಿ ಬಿಟ್ಟರೆ ನಿಮಿಷಕ್ಕೆ ಹಲವು ಬಾರಿ ಚೊಂಬು ತುಂಬುತ್ತದೆ. ಸಣ್ಣಗೆ ಬಿಟ್ಟರೆ ಕೆಲವೇ ಬಾರಿ. ವಿದ್ಯುತ್ ಹರಿವನ್ನು ಹೀಗೆ ಹೆಚ್ಚುಕಡಿಮೆ ಮಾಡುವ ಭಾಗವೇ 'ರೋಧಕ'. ಪ್ರತಿ ಪಟ್ಟಿಯ ದಾರಿಯಲ್ಲಿಯೂ ಬೇರೆ ಬೇರೆ ಬೆಲೆಯ ರೋಧವಿರುತ್ತದೆ. ರೋಧ ಬದಲಾದರೆ ಆಂದೋಲನದ ವೇಗವೂ ಬದಲಾಗುತ್ತದೆ. ವೇಗವಾದ ಕಂಪನದಿಂದ ಕೀರಲು ಸ್ವರ, ನಿಧಾನವಾದ ಕಂಪನದಿಂದ ಗಡುಸು ಸ್ವರ. ಸೆಕೆಂಡಿಗೆ 220 ಕಂಪನಗಳ ಸ್ವರ ಷಡ್ಜವಾದರೆ, 440 ಕಂಪನಗಳದು ಮೇಲಿನ ಷಡ್ಜ!

ಆಟಿಕೆ ಹಾಡಿಗೆ ಬಂದಿತು

ಈ ವಾದ್ಯಕ್ಕೆ ಒಂದು ಕೊರತೆ ಇದೆ. ಕಡ್ಡಿ ಒಂದೇ, ಆಂದೋಲಕವೂ ಒಂದೇ. ಆದ್ದರಿಂದ ಒಮ್ಮೆಗೆ ಒಂದೇ ಸ್ವರ. ದನಿಯೂ ದುಂಬಿಯ ಝೇಂಕಾರದಂತೆ. ಇದರಿಂದ ಗಂಭೀರವಾದ ಸಂಗೀತ ಸಾಧ್ಯವೇ?

ಇಂಗ್ಲೆಂಡಿನ ಗಾಯಕ ಡೇವಿಡ್ ಬೋವಿ ಇದಕ್ಕೆ ಉತ್ತರ ಕೊಟ್ಟರು. 1969ರ ಜುಲೈನಲ್ಲಿ ಅಪೋಲೋ-11 ನೌಕೆ ಚಂದ್ರನತ್ತ ಹೊರಡುವ ಕೆಲವೇ ದಿನ ಮೊದಲು ಅವರ 'ಸ್ಪೇಸ್ ಆಡಿಟಿ' ಹಾಡು ಬಿಡುಗಡೆಯಾಯಿತು. ಭೂಮಿಯೊಡನೆ ಸಂಪರ್ಕ ಕಡಿದುಹೋದ ಒಬ್ಬ ಗಗನಯಾತ್ರಿಯ ಕಥೆ ಅದು. ಬೋವಿ ಅದರಲ್ಲಿ ಸ್ಟೈಲೋಫೋನ್ ನುಡಿಸಿದರು. ಕೊರತೆ ಎನಿಸಿದ್ದ ಆ ಒಂಟಿ ಝೇಂಕಾರವೇ ಬಾಹ್ಯಾಕಾಶದ ಒಂಟಿತನಕ್ಕೆ ಹೊಂದಿಕೊಂಡಿತು! 1981ರಲ್ಲಿ ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡವೂ ಇದನ್ನು ಬಳಸಿತು. 1975ರಲ್ಲಿ ತಯಾರಿಕೆ ನಿಂತಿದ್ದರೂ, 2007ರಲ್ಲಿ ಇದು ಹೊಸ ರೂಪದಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿತು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: 2 ಟಾರ್ಚ್ ಸೆಲ್, ಟಾರ್ಚ್ ಬಲ್ಬು, 3 ತುಂಡು ತಂತಿ, ಉದ್ದಕ್ಕೆ ಸೀಳಿ ಸೀಸ ಕಾಣುವಂತೆ ಮಾಡಿದ ಪೆನ್ಸಿಲ್. (ಸೀಳುವ ಕೆಲಸ ಶಿಕ್ಷಕರಿಗೆ ಬಿಡಿ.)

ಎರಡು ಸೆಲ್‌ಗಳನ್ನು ಒಂದರ ಹಿಂದೆ ಒಂದರಂತೆ ಇಡಿ. ಮೊದಲ ತಂತಿಯಿಂದ ಸೆಲ್‌ಗಳ ಒಂದು ತುದಿಯನ್ನು ಬಲ್ಬಿಗೆ ಜೋಡಿಸಿ. ಎರಡನೆಯ ತಂತಿಯಿಂದ ಬಲ್ಬನ್ನು ಸೀಸದ ಒಂದು ತುದಿಗೆ ಜೋಡಿಸಿ. ಮೂರನೆಯ ತಂತಿಯ ಒಂದು ತುದಿಯನ್ನು ಸೆಲ್‌ಗಳ ಇನ್ನೊಂದು ತುದಿಗೆ ಸಿಕ್ಕಿಸಿ, ಮತ್ತೊಂದು ತುದಿಯನ್ನು ಸೀಸದ ಮೇಲೆ ಮೆಲ್ಲಗೆ ಜಾರಿಸಿ. ಕತ್ತಲೆಯ ಕೋಣೆಯಲ್ಲಿ ಬಲ್ಬನ್ನು ಗಮನಿಸಿ. ತಂತಿಗಳು ಹತ್ತಿರವಾದಂತೆ ಬೆಳಕು ಏನಾಗುತ್ತದೆ? ದೂರವಾದಂತೆ? ಇಲ್ಲಿ ರೋಧ ಬೆಳಕನ್ನು ಬದಲಿಸಿತು. ಸ್ಟೈಲೋಫೋನಿನಲ್ಲಿ ಸ್ವರವನ್ನು ಬದಲಿಸುತ್ತದೆ.

ಎಚ್ಚರಿಕೆ: ಮನೆಯ ವಿದ್ಯುತ್ ಪ್ಲಗ್ಗಿನಲ್ಲಿ ಈ ಪ್ರಯೋಗವನ್ನು ಎಂದಿಗೂ ಮಾಡಬೇಡಿ.

ಯೋಚಿಸಿ ಹೇಳಿ

1. ಸ್ಟೈಲೋಫೋನಿನ ಕಡ್ಡಿಯ ತುದಿ ಪ್ಲಾಸ್ಟಿಕ್ಕಿನದಾಗಿದ್ದರೆ ಸ್ವರ ಬರುತ್ತಿತ್ತೇ?
2. ಹಾರ್ಮೋನಿಯಂನಲ್ಲಿ ಒಮ್ಮೆಗೆ ಎರಡು ಸ್ವರ ನುಡಿಸಬಹುದು. ಏಕೆ?