ಔದ್ಯೋಗಿಕ ಚಿಕಿತ್ಸೆ: ಆಯ್ದುಕೊಳ್ಳತಕ್ಕ ವೃತ್ತಿಯೇ?

ಪ್ಲಸ್ ಟು ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಒಂದೇ ಮಾತು: ವೈದ್ಯಕೀಯವೋ, ಇಂಜಿನಿಯರಿಂಗೋ? ಎರಡಕ್ಕೂ ಸೀಟು ದೊರೆಯದಿದ್ದರೆ ಮಗುವಿನ ಬಾಳೇ ಮುಗಿಯಿತೆಂಬಂತೆ ಹಿರಿಯರು ಕೊರಗುವುದುಂಟು. ಅವರ ಗಮನಕ್ಕೆ ಅಷ್ಟಾಗಿ ಬಾರದ ಒಂದು ವೃತ್ತಿ ಔದ್ಯೋಗಿಕ ಚಿಕಿತ್ಸೆ, ಎಂದರೆ ಆಕ್ಯುಪೇಷನಲ್ ಥೆರಪಿ. ಅದರ ಗುಣದೋಷಗಳನ್ನು ಇಲ್ಲಿ ವಿಚಾರ ಮಾಡೋಣ.

ಹೆಸರು ಕೇಳಿ ಇದು ನೌಕರಿ ಕೊಡಿಸುವ ಕೆಲಸವೆಂದು ಭಾವಿಸಬಾರದು. ಇಲ್ಲಿ ಉದ್ಯೋಗವೆಂದರೆ ಮನುಷ್ಯನು ದಿನನಿತ್ಯ ಮಾಡುವ ಸಕಲ ಕಾರ್ಯಗಳೂ ಹೌದು: ಸ್ನಾನ, ಊಟ, ಅಡುಗೆ, ಬರವಣಿಗೆ, ದುಡಿಮೆ. ಪಾರ್ಶ್ವವಾಯುವಿನಿಂದ ಬಲಗೈ ಸೋತ ಗೃಹಿಣಿಯೊಬ್ಬಳನ್ನು ನೆನೆಯಿರಿ. ಫಿಸಿಯೋಥೆರಪಿಯು ಮುಖ್ಯವಾಗಿ ಅವಳ ಅಂಗಗಳ ಬಲವನ್ನೂ ಚಲನೆಯನ್ನೂ ಹೆಚ್ಚಿಸುತ್ತದೆ. ಔದ್ಯೋಗಿಕ ಚಿಕಿತ್ಸಕನಾದರೋ, ಅವಳು ಮತ್ತೆ ಸೀರೆ ಉಡುವುದು ಹೇಗೆ, ಮುದ್ದೆ ತೊಳಸುವುದು ಹೇಗೆ, ನೆಲದ ಮೇಲೆ ಕುಳಿತು ಏಳುವುದು ಹೇಗೆ ಎಂದು ಯೋಚಿಸುತ್ತಾನೆ. ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ ಅಭ್ಯಾಸ ಮಾಡಿಸುತ್ತಾನೆ. ಅಗತ್ಯವಿದ್ದರೆ ಉಪಕರಣದ ಹಿಡಿಯನ್ನು ದಪ್ಪಗೊಳಿಸುತ್ತಾನೆ, ಒಲೆಯ ಎತ್ತರವನ್ನು ಮಾರ್ಪಡಿಸುತ್ತಾನೆ. ಬುದ್ಧಿಮಾಂದ್ಯ, ಆಟಿಸಂ, ಮನೋರೋಗ ಮುಂತಾದವುಗಳಲ್ಲಿಯೂ ಈ ಚಿಕಿತ್ಸೆಗೆ ಸ್ಥಾನವಿದೆ.

ಈ ವಿಷಯದಲ್ಲಿ ನಮ್ಮ ನೆರೆಹೊರೆಗೆ ಒಂದು ಹಿರಿಮೆಯುಂಟು. ಅಂದಿನ ಸೇಲಂ ಜಿಲ್ಲೆಯ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಜನಿಸಿದ ಡಾ. ಪಾಲ್ ಬ್ರ್ಯಾಂಡ್, ಕುಷ್ಠರೋಗದಿಂದ ಮುದುಡಿದ ಬೆರಳುಗಳನ್ನು ವೆಲ್ಲೂರಿನಲ್ಲಿ ಶಸ್ತ್ರಕ್ರಿಯೆಯಿಂದ ಸರಿಪಡಿಸಿ ಖ್ಯಾತರಾದರು. ಬೆರಳು ನೇರವಾದ ಮಾತ್ರಕ್ಕೆ ಬಾಳು ನೇರವಾಗದೆಂಬುದನ್ನು ಅವರು ಕಂಡುಕೊಂಡರು. ಆ ಕೈಗಳಿಗೆ ಮರಗೆಲಸದ ತರಬೇತಿಯೂ ದೊರೆಯಿತು. ಅದೇ ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ನಡೆಯುವ ಶಕ್ತಿಯನ್ನು ಕಳೆದುಕೊಂಡರೂ ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಕ್ರಿಯೆ ನಡೆಸಿದರು. ಮುಂದೆ ಅಲ್ಲಿನ ಪುನರ್ವಸತಿ ಚಿಕಿತ್ಸಾ ವಿಭಾಗವನ್ನು ಬೆಳೆಸಿದರು. ಭಾರತದಲ್ಲಿ ಈ ವೃತ್ತಿಶಿಕ್ಷಣ 1950ರಲ್ಲಿ ಕಮಲಾ ನಿಂಬ್ಕರ್ ಅವರಿಂದ ಮುಂಬಯಿಯಲ್ಲಿ ಆರಂಭವಾಯಿತು.

ಇಂದು ವೆಲ್ಲೂರು, ಕೊಯಮತ್ತೂರು, ಚೆನ್ನೈ, ಮಣಿಪಾಲಗಳಲ್ಲಿ ಇದರ ಪದವಿ ಶಿಕ್ಷಣವಿದೆ. ವಿಜ್ಞಾನ ವಿಭಾಗದಲ್ಲಿ ಪ್ಲಸ್ ಟು ಮುಗಿಸಿರಬೇಕು; ಪದವಿಯ ಕೊನೆಯಲ್ಲಿ ಆಸ್ಪತ್ರೆಯ ತರಬೇತಿಯೂ ಇರುತ್ತದೆ. 2021ರ ಕೇಂದ್ರ ಕಾಯಿದೆಯ ತರುವಾಯ ನಿಯಮಗಳು ಬದಲಾಗುತ್ತಿರುವುದರಿಂದ, ಪ್ರವೇಶ ಬಯಸುವವರು ಆಯಾ ವರ್ಷದ ಪ್ರಕಟಣೆಯನ್ನೇ ನೋಡತಕ್ಕದ್ದು.

ತೊಡಕುಗಳನ್ನೂ ಮರೆಮಾಚಲಾಗದು. ಆರಂಭದ ಸಂಬಳ ಅನೇಕ ಕಡೆ ಅಲ್ಪ. ಅವಕಾಶಗಳು ಹೆಚ್ಚಾಗಿ ನಗರಗಳಲ್ಲಿವೆ. ವಿದೇಶದಲ್ಲಿ ಬೇಡಿಕೆಯಿದ್ದರೂ ಅಲ್ಲಿನ ಪರೀಕ್ಷೆ, ನೋಂದಣಿಗಳನ್ನು ದಾಟಬೇಕು. ರೋಗಿಯ ಪ್ರಗತಿ ನಿಧಾನ. ತಿಂಗಳುಗಟ್ಟಲೆ ದುಡಿದ ಫಲ ಒಂದು ಗುಂಡಿ ಹಾಕಿಕೊಂಡಷ್ಟೇ ಇರಬಹುದು. ಆ ಒಂದು ಗುಂಡಿಗಾಗಿ ಹಿಗ್ಗುವ ಮನಸ್ಸು ಉಳ್ಳವರಿಗೆ ಮಾತ್ರ ಇದು ತೃಪ್ತಿಯ ವೃತ್ತಿ. ವೈದ್ಯಕೀಯ ಸೀಟು ತಪ್ಪಿತೆಂಬ ಬೇಸರದಿಂದ ಇದನ್ನು ಹಿಡಿದವರಿಗೆ ಇದು ಹೊರೆಯಾದೀತು. ಆದುದರಿಂದ ಅರ್ಜಿ ಹಾಕುವ ಮೊದಲು, ಅನುಮತಿ ಪಡೆದು, ಇಂಥ ವಿಭಾಗವೊಂದರಲ್ಲಿ ಕೆಲವು ದಿನ ಕುಳಿತು ನೋಡುವುದು ಲೇಸು.

ನಮ್ಮ ಮಕ್ಕಳಿಗೆ ಒಂದು ಅನುಕೂಲವೂ ಇದೆ. ರೋಗಿಯ ಮನೆ, ಊಟ, ಕಸುಬು, ಮಾತು ಇವನ್ನರಿಯದೆ ಈ ಚಿಕಿತ್ಸೆ ನಡೆಯದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡಿ ಬೆಳೆದ ಅದಿಯಮಾನ್‌ಕೋಟೆಯ ಮಗುವು ಹೊಸೂರಿನ ರೈತನೊಡನೆಯೂ ಸೇಲಂನ ನೇಕಾರನೊಡನೆಯೂ ಅವರವರ ನುಡಿಯಲ್ಲೇ ಮಾತನಾಡಬಲ್ಲುದು. ಎರಡು ನುಡಿಗಳ ನಡುವೆ ಬೆಳೆದುದನ್ನು ಕೊರತೆಯೆಂದು ಕೊರಗುವ ಪೋಷಕರು ಇದನ್ನು ಗಮನಿಸಬೇಕು. ಶಾಲೆಯ ಅಂಗಳದಲ್ಲಿ ಕಲಿತ ಕನ್ನಡ, ಸೋತ ಕೈಯೊಂದಕ್ಕೆ ಧೈರ್ಯ ತುಂಬುವ ಮಾತಾಗುವುದಾದರೆ, ಅದಕ್ಕಿಂತ ಸಾರ್ಥಕವಾದ ವಿದ್ಯೆ ಯಾವುದಿದೆ?