ಸಲಗ ಎಲ್ಲಿ ಹೋಯ್ತು? ಬಳ್ಳಾರಿ ಟಸ್ಕರ್ಸ್ ತಂಡದ ಫೇಲ್ಯೂರ್ ಅನಾಲಿಸಿಸ್

ಮಷೀನ್ ಒಂದು ಕೆಟ್ಟು ನಿಂತ್ರೆ ನಾವು ಎಂಜಿನಿಯರಿಂಗ್‌ನೋರು ಏನು ಮಾಡ್ತೀವಿ? ಮೊದಲು ಏನಾಯ್ತು ಅಂತ ಬರ್ಕೊಳ್ತೀವಿ, ಆಮೇಲೆ ಯಾವ ಪಾರ್ಟ್ ಹೋಯ್ತು ಅಂತ ನೋಡ್ತೀವಿ, ಕೊನೆಗೆ ಆ ಪಾರ್ಟ್ ಯಾಕೆ ಹೋಯ್ತು ಅಂತ ಹುಡುಕ್ತೀವಿ. ಈ ಸಲ ಅದೇ ಕ್ರಮದಲ್ಲಿ ಒಂದು ಕ್ರಿಕೆಟ್ ತಂಡವನ್ನು ಬಿಚ್ಚಿ ನೋಡೋಣ. ತಂಡದ ಹೆಸರು ಬಳ್ಳಾರಿ ಟಸ್ಕರ್ಸ್. ಟಸ್ಕರ್ ಅಂದ್ರೆ ದಂತ ಇರೋ ಗಂಡಾನೆ, ಅಂದ್ರೆ ಸಲಗ. ಒಮ್ಮೆ ಚಾಂಪಿಯನ್ ಆಗಿ, ಒಮ್ಮೆ ರನ್ನರ್ ಅಪ್ ಆಗಿ, ಆರೇ ವರ್ಷಕ್ಕೆ ಇಲ್ಲವಾದ ತಂಡ ಇದು.

ಈ ತಂಡವನ್ನೇ ಯಾಕೆ ಆರಿಸಿದ್ವಿ ಅಂದ್ರೆ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ನಮಗೆ ಇದೇ ಹತ್ತಿರದ ತಂಡವಾಗಿತ್ತು. ಕೊಪ್ಪಳದ ಹೆಸರಲ್ಲಿ ತಂಡ ಇರಲಿಲ್ಲ. ಗಂಗಾವತಿಯಿಂದ ಹೊಳೆ ದಾಟಿದ್ರೆ ಕಂಪ್ಲಿ, ಅಲ್ಲಿಂದಾಚೆ ಬಳ್ಳಾರಿ ಸೀಮೆ. ಹಾಗಾಗಿ ಟಿವಿಯಲ್ಲಿ ಟಸ್ಕರ್ಸ್ ಬಂದ್ರೆ ನಮ್ಮ ಕಡೆ ಮಂದಿ "ಇದು ನಮ್ದೇ" ಅಂತ ಕೂರ್ತಿದ್ರು.

ಮೊದಲು ಇತಿಹಾಸ

ಕರ್ನಾಟಕ ಪ್ರೀಮಿಯರ್ ಲೀಗ್, ಅಂದ್ರೆ ಕೆಪಿಎಲ್, 2009ರಲ್ಲಿ ಶುರುವಾಯ್ತು. ನಡೆಸಿದ್ದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ, ಅಂದ್ರೆ ಕೆಎಸ್‌ಸಿಎ. ಆಗ 8 ತಂಡಗಳಿದ್ವು, ಬಳ್ಳಾರಿ ಇರಲಿಲ್ಲ. 2010ರ ನಂತರ ಮೂರು ವರ್ಷ ಲೀಗೇ ನಡೆಯಲಿಲ್ಲ. 2014ರಲ್ಲಿ ಮತ್ತೆ ಶುರುವಾದಾಗ ಬಳ್ಳಾರಿ ಟಸ್ಕರ್ಸ್ ಹೊಸದಾಗಿ ಸೇರಿತು.

ಅಲ್ಲಿಂದ ಮುಂದೆ ಟ್ರೋಫಿ ಗೆದ್ದವರ ಪಟ್ಟಿ ನೋಡಿ:

2014 – ಮೈಸೂರು ವಾರಿಯರ್ಸ್
2015 – ಬಿಜಾಪುರ ಬುಲ್ಸ್
2016 – ಬಳ್ಳಾರಿ ಟಸ್ಕರ್ಸ್
2017 – ಬೆಳಗಾವಿ ಪ್ಯಾಂಥರ್ಸ್
2018 – ಬಿಜಾಪುರ ಬುಲ್ಸ್
2019 – ಹುಬ್ಳಿ ಟೈಗರ್ಸ್

2015ರಿಂದ 2018ರವರೆಗೆ ನಾಲ್ಕು ವರ್ಷ ಸತತವಾಗಿ ಕಪ್ ಹೋಗಿದ್ದು ಬಿಜಾಪುರ, ಬಳ್ಳಾರಿ, ಬೆಳಗಾವಿ ತಂಡಗಳಿಗೆ. ಈಗ ಈ ಮೂರೂ ಇಲ್ಲ. ಆಟದಲ್ಲಿ ಸೋತು ಮುಚ್ಚಿದ ತಂಡಗಳಲ್ಲ ಇವು, ಗೆದ್ದೂ ಮುಚ್ಚಿದ ತಂಡಗಳು. ಅಂದ್ರೆ "ಚೆನ್ನಾಗಿ ಆಡಿದ್ರೆ ತಂಡ ಉಳಿಯುತ್ತೆ" ಅನ್ನೋ ನಮ್ಮ ಮೊದಲ ಊಹೆ ಇಲ್ಲೇ ಬಿದ್ದುಹೋಗುತ್ತೆ.

ಎಂಟು ದಿನದ ಎರಡು ಪಂದ್ಯಗಳು

ಟಸ್ಕರ್ಸ್ ಕಥೆಯ ಮೇಲಿನ ತುದಿ, ಕೆಳಗಿನ ತುದಿ ಎರಡೂ 2019ರ ಆಗಸ್ಟ್‌ನಲ್ಲೇ ಇವೆ.

ಆಗಸ್ಟ್ 23, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಎದುರಾಳಿ ಶಿವಮೊಗ್ಗ ಲಯನ್ಸ್. ಪಂದ್ಯ 17 ಓವರ್‌ಗೆ ಇಳಿದಿತ್ತು. ಟಸ್ಕರ್ಸ್‌ನ ಕೃಷ್ಣಪ್ಪ ಗೌತಮ್ 56 ಎಸೆತಕ್ಕೆ ಔಟಾಗದೆ 134 ರನ್ ಹೊಡೆದ್ರು. 13 ಸಿಕ್ಸರ್. ನೂರು ಬಂದಿದ್ದು 39 ಎಸೆತಕ್ಕೆ. ಆಮೇಲೆ ಬೌಲಿಂಗ್‌ಗೆ ಬಂದು 4 ಓವರ್‌ನಲ್ಲಿ 15 ರನ್ ಕೊಟ್ಟು 8 ವಿಕೆಟ್ ತೆಗೆದ್ರು. ತಂಡ 203 ಹೊಡೆದಿತ್ತು, ಶಿವಮೊಗ್ಗ 133ಕ್ಕೆ ಆಲ್ ಔಟ್. ಒಬ್ಬನೇ ಆಟಗಾರ ಒಂದೇ ಟಿ20 ಪಂದ್ಯದಲ್ಲಿ ಹೀಗೆ ಆಡೋದನ್ನ ವಿಡಿಯೋ ಗೇಮ್‌ನಲ್ಲೂ ನಂಬೋದು ಕಷ್ಟ.

ಅದೇ ತಿಂಗಳ 7ನೇ ತಾರೀಖು ಇಂಗ್ಲೆಂಡ್‌ನಲ್ಲಿ ಕಾಲಿನ್ ಆಕರ್ಮನ್ 18 ರನ್‌ಗೆ 7 ವಿಕೆಟ್ ತೆಗೆದು ಟಿ20 ವಿಶ್ವದಾಖಲೆ ಮಾಡಿದ್ರು. ಗೌತಮ್ ಅವರ 8 ವಿಕೆಟ್ ಅದಕ್ಕಿಂತ ದೊಡ್ಡದು. ಆದ್ರೂ ದಾಖಲೆ ಪುಸ್ತಕಕ್ಕೆ ಸೇರಲಿಲ್ಲ, ಯಾಕಂದ್ರೆ ಕೆಪಿಎಲ್‌ಗೆ ಅಧಿಕೃತ ಟಿ20 ಮಾನ್ಯತೆ ಇರಲಿಲ್ಲ. ತಂಡದ ಅತಿ ದೊಡ್ಡ ದಿನಕ್ಕೂ ದಾಖಲೆಯಲ್ಲಿ ಜಾಗ ಸಿಗಲಿಲ್ಲ.

ಆಗಸ್ಟ್ 31, ಮೈಸೂರು. ಫೈನಲ್. ಹುಬ್ಳಿ ಟೈಗರ್ಸ್ ವಿರುದ್ಧ ಟಸ್ಕರ್ಸ್ 8 ರನ್‌ನಿಂದ ಸೋತಿತು. ಆಗ ಅದು ಬರೀ ಒಂದು ಟೈಟ್ ಫೈನಲ್. ನವೆಂಬರ್‌ನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಟಸ್ಕರ್ಸ್ ನಾಯಕನನ್ನೂ ಇನ್ನೊಬ್ಬ ಆಟಗಾರನನ್ನೂ ಬಂಧಿಸಿದ್ರು. ಫೈನಲ್‌ನಲ್ಲಿ ನಿಧಾನವಾಗಿ ಬ್ಯಾಟ್ ಮಾಡೋಕೆ 20 ಲಕ್ಷ ರೂಪಾಯಿ ಪಡೆದ್ರು ಅನ್ನೋದು ಆರೋಪ. (ಕೃಷ್ಣಪ್ಪ ಗೌತಮ್‌ಗೂ ಈ ಪ್ರಕರಣಕ್ಕೂ ಸಂಬಂಧ ಇಲ್ಲ. ಅವರು 2021ರಲ್ಲಿ ಭಾರತದ ಪರ ಏಕದಿನ ಪಂದ್ಯ ಆಡಿದ್ರು.) ಬೇರೆ ತಂಡಗಳಿಗೆ ಸೇರಿದವರ ಮೇಲೂ ಆರೋಪಗಳು ಬಂದ್ವು.

2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಈ ಕೇಸನ್ನು ರದ್ದು ಮಾಡಿತು. ಹಾಗಾಗಿ ಯಾರನ್ನೂ ಅಪರಾಧಿ ಅನ್ನೋ ಹಕ್ಕು ನಮಗಿಲ್ಲ. ಆದ್ರೆ ಕೋರ್ಟ್ ಕೊಟ್ಟ ಕಾರಣ ನಾವೆಲ್ಲ ಓದಬೇಕಾದ್ದು. ಮ್ಯಾಚ್ ಫಿಕ್ಸಿಂಗ್ ಮಾಡಿದ್ರೆ ಅದು ಆಟಗಾರನ ಅಪ್ರಾಮಾಣಿಕತೆ, ಅಶಿಸ್ತು ಹೌದು, ಕ್ರಮ ಕೈಗೊಳ್ಳೋ ಅಧಿಕಾರ ಬಿಸಿಸಿಐಗಿದೆ. ಆದ್ರೆ ಐಪಿಸಿ 420ರ ವಂಚನೆ ಆಗಬೇಕಾದ್ರೆ ಯಾರನ್ನಾದ್ರೂ ನಂಬಿಸಿ ಅವರ ಹಣ ಪಡೆದಿರಬೇಕು. ಪ್ರೇಕ್ಷಕರು ಟಿಕೆಟ್ ಕೊಂಡಿದ್ದು ತಮ್ಮ ಇಷ್ಟದಿಂದ. ಇದು ಕೋರ್ಟಿನ ವಾದದ ಸಾರ. ಫಿಕ್ಸಿಂಗನ್ನೇ ಒಂದು ಅಪರಾಧವಾಗಿ ಮಾಡಿ ಅಂತ ಕಾನೂನು ಆಯೋಗ 2018ರ ತನ್ನ 276ನೇ ವರದಿಯಲ್ಲೇ ಹೇಳಿತ್ತು. ಆ ಕಾನೂನು ಬಂದಿರಲಿಲ್ಲ.

ಹಾಗಾದ್ರೆ ಕೆಟ್ಟ ಪಾರ್ಟ್ ಯಾವುದು?

2020, 2021ರಲ್ಲಿ ಕೆಪಿಎಲ್ ನಡೆಯಲಿಲ್ಲ. ಒಂದು ಕಡೆ ಕೇಸು, ಇನ್ನೊಂದು ಕಡೆ ಕೋವಿಡ್. 2022ರಲ್ಲಿ ಕೆಎಸ್‌ಸಿಎ "ಮಹಾರಾಜ ಟ್ರೋಫಿ" ಅಂತ ಹೊಸ ಟೂರ್ನಿ ಶುರು ಮಾಡಿತು. 6 ತಂಡ: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿ, ಮಂಗಳೂರು, ಶಿವಮೊಗ್ಗ. ಬಳ್ಳಾರಿ ಇಲ್ಲ. ಮೊದಲ ವರ್ಷ ಗೆದ್ದಿದ್ದು ಗುಲ್ಬರ್ಗ ಮಿಸ್ಟಿಕ್ಸ್. ಆದ್ದರಿಂದ "ಉತ್ತರ ಕರ್ನಾಟಕಕ್ಕೆ ಅನ್ಯಾಯ" ಅಂತ ಒಂದೇ ಮಾತಲ್ಲಿ ಮುಗಿಸೋಕೆ ಆಗಲ್ಲ. ಹುಬ್ಬಳ್ಳಿ, ಕಲಬುರಗಿ ಎರಡೂ ಇವೆ.

ಕೇಸು ತಂಡವನ್ನು ಮುಗಿಸಿತು ಅಂತ ಹೇಳೋದು ಸುಲಭ. ಆದ್ರೆ ಅದು ಹೊರಗೆ ಕಾಣೋ ಕಾರಣ ಅಷ್ಟೇ. ಒಳಗಿನದು ಇನ್ನೊಂದಿದೆ, ಅದನ್ನ ನೋಡೋಕೆ ಒಂದು ರೈಲು ಸಾಕು. ಹಂಪಿ ಎಕ್ಸ್‌ಪ್ರೆಸ್ ಹುಬ್ಬಳ್ಳಿಯಿಂದ ಹೊರಟು ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೇಲೆ ಬೆಂಗಳೂರಿಗೆ ಹೋಗಿ ಮೈಸೂರಲ್ಲಿ ನಿಲ್ಲುತ್ತೆ. ಟಸ್ಕರ್ಸ್ ಪಂದ್ಯಗಳು ಮುಖ್ಯವಾಗಿ ನಡೆದಿದ್ದು ಹುಬ್ಬಳ್ಳಿ, ಬೆಂಗಳೂರು, ಮೈಸೂರಲ್ಲಿ. ಅಂದ್ರೆ ಆಟ ರೈಲಿನ ಎರಡು ತುದಿಗೆ. ನಡುವಿನ ಬಳ್ಳಾರಿ, ಹೊಸಪೇಟೆ, ಕೊಪ್ಪಳಕ್ಕೆ ಸಿಕ್ಕಿದ್ದು ಹೆಸರು ಮಾತ್ರ. ಬಳ್ಳಾರಿಯಲ್ಲಿ ಹೋಮ್ ಗ್ರೌಂಡ್ ಇಲ್ಲ, ಆ ತಂಡದ್ದೇ ಅನ್ನೋ ಸದಸ್ಯರ ಕ್ಲಬ್ ಇಲ್ಲ.

ಫ್ರಾಂಚೈಸಿ ತಂಡ ಅಂದ್ರೆ ಒಂದು ಲೈಸೆನ್ಸ್. ಲೀಗ್ ಅನ್ನೋ ಒಂದೇ ಸರ್ವರ್ ಮೇಲೆ ಓಡೋ ಆಪ್ ಇದ್ದ ಹಾಗೆ. ಸರ್ವರ್ ಆಫ್ ಆದ್ರೆ ನಮ್ಮ ಫೋನಲ್ಲಿ ಐಕಾನ್ ಉಳಿಯುತ್ತೆ, ಒಳಗೆ ಏನೂ ಇರಲ್ಲ. ನಮ್ಮ ಭಾಷೆಯಲ್ಲಿ ಇದೇ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್.

ಅಮೆರಿಕದಲ್ಲೂ ಇದೇ ಕಥೆ

ನಮ್ಮ ಅನಾಲಿಸಿಸ್ ಸರಿನಾ ಅಂತ ಚೆಕ್ ಮಾಡೋಕೆ ಇನ್ನೊಂದು ಸ್ಯಾಂಪಲ್ ಬೇಕು. ಅಮೆರಿಕದ ಅರೀನಾ ಫುಟ್‌ಬಾಲ್ ತಗೊಳ್ಳೋಣ. ಇದು ಕೈಯಲ್ಲಿ ಚೆಂಡು ಹಿಡಿದು ಓಡೋ ಅಮೆರಿಕನ್ ಫುಟ್‌ಬಾಲ್‌ನ ಒಳಾಂಗಣ ರೂಪ. 100 ಗಜದ ಬದಲು 50 ಗಜದ ಅಂಕಣ, ಒಂದು ಕಡೆ 11 ಜನರ ಬದಲು 8 ಜನ. ಗೋಲ್ ಕಂಬಗಳ ಪಕ್ಕ ಬಲೆ ಕಟ್ಟಿರ್ತಾರೆ, ಅದಕ್ಕೆ ಬಡಿದು ವಾಪಸ್ ಬಂದ ಚೆಂಡನ್ನ ಹಿಡಿದು ಆಡಬಹುದು. ಜಿಮ್ ಫಾಸ್ಟರ್ ಅನ್ನೋರು 1981ರಲ್ಲಿ ನ್ಯೂಯಾರ್ಕ್‌ನಲ್ಲಿ ಒಳಾಂಗಣ ಸಾಕರ್ ಪಂದ್ಯ ನೋಡ್ತಾ ಕೂತಾಗ ಒಂದು ಲಕೋಟೆ ಮೇಲೆ ಇದರ ನಕ್ಷೆ ಗೀಚಿದ್ರು. 1987ರಲ್ಲಿ ನಾಲ್ಕು ತಂಡಗಳಿಂದ ಲೀಗ್ ಶುರು.

ಮೊದಲ ಫೈನಲ್‌ನಲ್ಲಿ ಡೆನ್ವರ್ ಡೈನಮೈಟ್ 45–16ರಿಂದ ಪಿಟ್ಸ್‌ಬರ್ಗ್ ಗ್ಲಾಡಿಯೇಟರ್ಸ್ ತಂಡವನ್ನು ಸೋಲಿಸಿತು. ಗೆದ್ದ ಡೆನ್ವರ್ 1991ರ ನಂತರ ಮುಚ್ಚಿಹೋಯ್ತು. ಸೋತ ಪಿಟ್ಸ್‌ಬರ್ಗ್ ಹೆಸರು ಬದಲಿಸಿ ಟ್ಯಾಂಪಾ ಊರಿಗೆ ಹೋಯ್ತು, 2017ರಲ್ಲಿ ಅದೂ ಮುಚ್ಚಿತು. ಇಲ್ಲೂ ಗೆಲುವಿಗೂ ಉಳಿವಿಗೂ ಸಂಬಂಧ ಇಲ್ಲ. ಲೀಗ್ 2009ರಲ್ಲಿ ಒಮ್ಮೆ ನಿಂತು, ಮರುವರ್ಷ ಎದ್ದು, 2019ರ ನವೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ನಮ್ಮಲ್ಲಿ ಟಸ್ಕರ್ಸ್ ಆಟಗಾರರ ಬಂಧನ ಆದ ತಿಂಗಳೂ ಅದೇ. ಅಲ್ಲಿ ಫಿಕ್ಸಿಂಗ್ ಇಲ್ಲ, ಆದ್ರೂ ಲೀಗ್ ಜೊತೆ ತಂಡಗಳೂ ನಿಂತುಹೋದ್ವು.

ಈಗ ಉಲ್ಟಾ ಸ್ಯಾಂಪಲ್. ಅದೇ ಅಮೆರಿಕದ ಗ್ರೀನ್ ಬೇ ಊರಿನ ಜನಸಂಖ್ಯೆ ಲಕ್ಷಕ್ಕೆ ಸ್ವಲ್ಪ ಮೇಲೆ, ಹೆಚ್ಚುಕಮ್ಮಿ ನಮ್ಮ ಗಂಗಾವತಿಯಷ್ಟು. ಅಲ್ಲಿನ ಪ್ಯಾಕರ್ಸ್ ತಂಡ 1919ರಲ್ಲಿ ಹುಟ್ಟಿದ್ದು. 1923ರಿಂದ ಅದರ ಮಾಲೀಕರು ಸಾಮಾನ್ಯ ಜನ. ಈಗ 5 ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಷೇರಿಗೆ ಲಾಭಾಂಶ ಇಲ್ಲ, ಮಾರಿ ದುಡ್ಡು ಮಾಡೋಕೂ ಆಗಲ್ಲ. ತಂಡವನ್ನೇ ಮಾರಿದ್ರೂ ಹಣ ದತ್ತಿ ಸಂಸ್ಥೆಗೆ ಹೋಗುತ್ತೆ. ಹಾಗಾಗಿ ತಂಡವನ್ನು ಬೇರೆ ಊರಿಗೆ ಎತ್ಕೊಂಡು ಹೋಗೋದ್ರಿಂದ ಯಾರಿಗೂ ಲಾಭ ಇಲ್ಲ. ನೂರು ವರ್ಷ ದಾಟಿ ಇವತ್ತಿಗೂ ಆಡ್ತಿದೆ.

ನಾವು ಕಲಿಯೋದೇನು?

ಒಂದು, ಊರಿನ ಹೆಸರು ಜೆರ್ಸಿ ಮೇಲಿದ್ರೆ ತಂಡ ಊರಿಂದಾಗಲ್ಲ. ಕುಷ್ಟಗಿ, ಯಲಬುರ್ಗಾದ ಹುಡುಗನಿಗೆ ಬೇಕಾಗಿರೋದು ಟಿವಿಯಲ್ಲಿ ಚೀರೋಕೆ ಒಂದು ಹೆಸರಲ್ಲ. ಬಸ್ಸಲ್ಲಿ ಹೋಗಿ ಬರೋಷ್ಟು ದೂರದಲ್ಲಿ ಲೆದರ್ ಬಾಲ್ ಆಡೋ ಗ್ರೌಂಡು, ಒಬ್ಬ ಕೋಚು, ವರ್ಷವಿಡೀ ನಡೆಯೋ ಲೀಗು. ಇವಿದ್ರೆ ಮೇಲಿನ ಲೀಗ್ ಮುಚ್ಚಿದ್ರೂ ಆಟ ನಿಲ್ಲಲ್ಲ.

ಎರಡು, ದಾಖಲೆ ನಾವೇ ಇಡಬೇಕು. 15ಕ್ಕೆ 8 ವಿಕೆಟ್ ತೆಗೆದ ಪಂದ್ಯಕ್ಕೇ ಅಧಿಕೃತ ಪಟ್ಟಿಯಲ್ಲಿ ಜಾಗ ಇಲ್ಲ ಅಂದ್ರೆ, ಜಾತ್ರೆಗೆ, ಹಬ್ಬಕ್ಕೆ ನಮ್ಮೂರಲ್ಲಿ ನಡೆಯೋ ಟೂರ್ನಮೆಂಟ್ ಸ್ಕೋರ್ ಯಾರು ಕಾಯ್ತಾರೆ? ಹಳೇ ಸ್ಕೋರ್ ನೋಟ್‌ಬುಕ್ಕು ಸಿಕ್ಕಿದ್ರೆ ಫೋಟೋ ತೆಗೆದು ಒಂದು ಶೀಟಲ್ಲಿ ಹಾಕೋದು ನಮಗೆ ಅರ್ಧ ದಿನದ ಕೆಲಸ.

ಮೂರು, ಟಿಕೆಟ್ ಕೊಂಡವನ ನಂಬಿಕೆಗೂ ಬೆಲೆ ಇದೆ ಅಂತ ಹೇಳೋ ಸ್ಪಷ್ಟ ಕಾನೂನು ಬೇಕು. ಇಲ್ಲದಿದ್ರೆ ಆರೋಪ ಹೊತ್ತ ಆಟಗಾರ ತಪ್ಪು ಮಾಡಿಲ್ಲ ಅಂತ ಪೂರ್ತಿ ಸಾಬೀತು ಮಾಡೋಕೂ ಆಗಲ್ಲ, ನೋಡಿದವನಿಗೆ ಉತ್ತರವೂ ಸಿಗಲ್ಲ. ಈ ಕೇಸಲ್ಲಿ ಆಗಿದ್ದು ಅದೇ.

ನಾಳೆ ಮತ್ತೆ ಬಳ್ಳಾರಿ ಹೆಸರಲ್ಲೋ, ಕೊಪ್ಪಳದ ಹೆಸರಲ್ಲೋ ಒಂದು ತಂಡ ಬರಬಹುದು. ಬಂದ್ರೆ ನಾವು ಖುಷಿಯಿಂದಲೇ ಜೆರ್ಸಿ ಕೊಳ್ತೀವಿ. ಆದ್ರೆ ಕೊಳ್ಳೋ ಮೊದಲು ಮೂರು ಪ್ರಶ್ನೆ ಕೇಳ್ತೀವಿ: ಆಟ ಎಲ್ಲಿ ಆಡ್ತೀರಿ? ಹೆಸರು ಯಾರದ್ದು? ಲೀಗ್ ನಿಂತ್ರೆ ನಮ್ಮೂರಲ್ಲಿ ಏನು ಉಳಿಯುತ್ತೆ? ಟಸ್ಕರ್ಸ್‌ಗೆ 2014ರಲ್ಲೇ ಯಾರಾದ್ರೂ ಈ ಪ್ರಶ್ನೆ ಕೇಳಿದ್ದಿದ್ರೆ, ಒಂದಕ್ಕೂ ಬಳ್ಳಾರಿ ಅನ್ನೋ ಉತ್ತರ ಬರ್ತಿರಲಿಲ್ಲ.